ಗೇಟು ತೆಗೆದವರು ಯಾರು

ಮೈಸೂರಿನ ಶ್ರೀರಾಂಪುರದ ನಮ್ಮ ಮನೆಯ ಮುಂದೆ, ಸಂಪಿನ ಮುಚ್ಚಳದ ಪಕ್ಕದಲ್ಲಿ, ಕುರ್ಚಿಯಷ್ಟು ದೊಡ್ಡದಾದ ಒಂದು ಕಬ್ಬಿಣದ ಲಂಗರು ಬಿದ್ದಿದೆ. ಮೀಟರ್ ನೋಡಲು ಬರುವವರು, ಹಾಲಿನವರು, ವಿಳಾಸ ತಪ್ಪಿ ಬಂದವರು ಎಲ್ಲರೂ ಒಮ್ಮೆ ಅದರ ಮುಂದೆ ನಿಂತು ಆಮೇಲೆ ನನ್ನ ಮುಖ ನೋಡುತ್ತಾರೆ. ಸಮುದ್ರ ಇಲ್ಲಿಂದ ಒಂದು ಹಗಲಿನ ದಾರಿ. "ನಮ್ಮ ಯಜಮಾನರದ್ದು" ಎಂದು ಹೇಳಿ ನಾನು ಸುಮ್ಮನಾಗುತ್ತೇನೆ. ಅವರೇ ಮನೆಯಲ್ಲಿದ್ದರೆ ಕೂರಿಸಿ ಪೂರ್ತಿ ಕಥೆ ಹೇಳುತ್ತಾರೆ. ತಮ್ಮನ್ನು ತಾವೇ ಆಡಿಕೊಂಡು ಚೆನ್ನಾಗಿಯೇ ಹೇಳುತ್ತಾರೆ, ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆ ಕಥೆಯಲ್ಲಿ ಒಂದು ಸಂಗತಿ ಮಾತ್ರ ಬರುವುದಿಲ್ಲ. ಅದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗಂಡ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದರು. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೆ ಅವರ ಬದುಕೆಂದರೆ ನಾಲೆ, ತೂಬು, ಗೇಟು. ಅವರ ಒಂದು ಸಹಿಗೆ ನೀರು ಹರಿಯುತ್ತಿತ್ತು, ಇನ್ನೊಂದು ಸಹಿಗೆ ನಿಲ್ಲುತ್ತಿತ್ತು. ಹಾಗಾಗಿ ನೀರೆಂದರೆ ಮೇಲಿನವರ ಆದೇಶವಿಲ್ಲದೆ ಅಲುಗದ ವಸ್ತು ಎಂಬ ನಂಬಿಕೆ ಅವರ ರಕ್ತದಲ್ಲೇ ಸೇರಿಹೋಗಿತ್ತು. ಅದಕ್ಕೂ ಮೊದಲು, ಕಾಲೇಜಿನ ದಿನಗಳಲ್ಲಿ, ಅವರು ಎನ್‌ಸಿಸಿಯಲ್ಲಿ ನೌಕಾದಳದ ಕಡೆ ಸೇರಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಾಯಿದೋಣಿ ಓಡಿಸುವುದನ್ನು ಕಲಿತಿದ್ದರು. ನನ್ನನ್ನು ನೋಡಲು ಬಂದಾಗ ಅವರ ಕಡೆಯವರು ತಂದ ಫೋಟೋ ಆ ಕಾಲದ್ದು: ಬಿಳಿ ಸಮವಸ್ತ್ರ, ಬಿಳಿ ಟೋಪಿ, ಹಿಂದೆ ನೀರು. ಹುಡುಗ ಹಡಗಿನವನೋ ಏನೋ ಎಂದು ನಮ್ಮ ತಂದೆ ಗಾಬರಿಯಾಗಿದ್ದರು. "ನಾನು ಮೂಲತಃ ನಾವಿಕ" ಎಂದು ನನ್ನ ಗಂಡ ಹೇಳಿಕೊಳ್ಳದ ಮದುವೆಮನೆ ಮೈಸೂರಿನಲ್ಲಿ ಉಳಿದಿಲ್ಲ. ಸಮುದ್ರದ ಮೇಲೆ ಅವರು ಒಂದು ದಿನವೂ ಕಳೆದಿರಲಿಲ್ಲ, ಆದರೆ ಅದನ್ನು ಯಾರೂ ಕೇಳುತ್ತಿರಲಿಲ್ಲ.

ನನ್ನ ಕೆಲಸ ಪರೀಕ್ಷಾ ವಿಭಾಗದಲ್ಲಿ, ಪ್ರಶ್ನೆಪತ್ರಿಕೆಗಳ ಲಕೋಟೆಗೆ ಅರಗಿನ ಮುದ್ರೆ ಬೀಳುವ ಕೋಣೆಯಲ್ಲಿ. ಬಾಯಿ ಮುಚ್ಚಿಕೊಂಡಿರುವುದಕ್ಕೆ ಸಂಬಳ ಪಡೆಯುವ ಕೆಲವೇ ಹೆಂಗಸರಲ್ಲಿ ನಾನೊಬ್ಬಳು. ಪಕ್ಕದ ಮನೆಯ ಮಕ್ಕಳು ಅದೇ ಪರೀಕ್ಷೆಗೆ ಓದಿ ಓದಿ ಸೊರಗುತ್ತಿದ್ದರೂ ನಾನು ಅವರಿಗೆ ಬರೀ ಬಾದಾಮಿ ಹಾಲು ಕೊಟ್ಟು ಕಳಿಸಿದವಳು. ಈ ಅಭ್ಯಾಸ ಮುಂದೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಆಗ ನಾವು ಸರಸ್ವತಿಪುರಂನಲ್ಲಿ ಒಂದು ಬಾಡಿಗೆ ಮನೆಯ ಮಹಡಿಯ ಮೇಲಿದ್ದೆವು. ಅಡುಗೆಮನೆಗೆ ಒಂದೇ ಕಿಟಕಿ, ಅದನ್ನು ತೆಗೆದರೆ ಒಂದು ಟ್ಯುಟೋರಿಯಲ್‌ನ ಗೋಡೆ. ಒಗ್ಗರಣೆ ಹಾಕುವಾಗ ಆ ಕಡೆಯಿಂದ ನಲವತ್ತು ಮಕ್ಕಳು ಒಟ್ಟಿಗೆ ಸೂತ್ರ ಒಪ್ಪಿಸುವುದು ಕೇಳುತ್ತಿತ್ತು. ಇಪ್ಪತ್ತೆರಡು ವರ್ಷ ನಾನು ಆ ಗೋಡೆ ನೋಡಿಕೊಂಡೇ ಅಡುಗೆ ಮಾಡಿದೆ. ಶ್ರೀರಾಂಪುರದಲ್ಲಿ ನಮಗೊಂದು ಖಾಲಿ ಸೈಟಿತ್ತು. ತಿಂಗಳಿಗೊಂದು ಭಾನುವಾರ ನಾನೊಬ್ಬಳೇ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಕಳೆ ಕೀಳಿಸಿ, ನಾನೇ ನೆಟ್ಟ ಕರಿಬೇವಿಗೆ ನೀರು ಹಾಕಿ, ಅಡುಗೆಮನೆ ಎಂದು ಮನಸ್ಸಿನಲ್ಲಿ ಗುರುತು ಮಾಡಿಕೊಂಡ ಜಾಗದಲ್ಲಿ ಪೂರ್ವಕ್ಕೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆ. ಕಿಟಕಿ ಎಷ್ಟು ಅಗಲ ಇರಬೇಕು ಎಂಬುದು ನನಗೆ ಗೇಣಿನ ಲೆಕ್ಕದಲ್ಲಿ ಗೊತ್ತಿತ್ತು.

ಅವರು ನಿವೃತ್ತರಾದ ವರ್ಷ ಕಾರವಾರದಲ್ಲಿ ಒಬ್ಬರು ತಮ್ಮ ಹಾಯಿದೋಣಿ ಮಾರುತ್ತಿದ್ದಾರೆಂದು ಸುದ್ದಿ ಬಂತು. ಒಳಗೆ ಮೂರು ಜನ ಮಲಗುವಷ್ಟು ಜಾಗ, ಸಣ್ಣ ಅಡುಗೆಕಟ್ಟೆ, ಸಣ್ಣ ಎಂಜಿನ್. ಇವರು ಹೋಗಿ ನೋಡಿಕೊಂಡು ಬಂದರು. ಬಂದವರ ಕಣ್ಣಿನಲ್ಲಿ ಆ ಫೋಟೋದ ಹುಡುಗ ಇದ್ದ. ಸೈಟು ಮಾರಿ ದೋಣಿ ಕೊಳ್ಳೋಣ, ವರ್ಷದಲ್ಲಿ ಆರು ತಿಂಗಳು ಕರಾವಳಿಯ ಉದ್ದಕ್ಕೂ ಒಂದೊಂದು ಕೊಲ್ಲಿಯಲ್ಲಿ ತಂಗುತ್ತಾ ಇರೋಣ, ಬಾಡಿಗೆ ಮನೆ ಹೇಗೂ ಇದೆಯಲ್ಲ ಎಂದರು. ನಾನು ಅನ್ನದ ತಟ್ಟೆ ಮುಂದೆ ಇಟ್ಟುಕೊಂಡು ಊಟ ಮಾಡದೆ ಎದ್ದೆ. ಮೂರು ವಾರ ಮನೆಯಲ್ಲಿ ಉಪ್ಪು, ಹುಳಿ, ಬಾಗಿಲು ಹಾಕು ಎಂಬುದರಾಚೆ ಮಾತಿರಲಿಲ್ಲ.

ಕೊನೆಗೆ ತೀರ್ಪು ಕೊಟ್ಟವರು ನನ್ನ ಅತ್ತೆ. ಅವರಿಗೆ ಎಪ್ಪತ್ತೆಂಟು. ಅವರ ತಂದೆ ಅರಮನೆಯಲ್ಲಿ ಗುಮಾಸ್ತರಾಗಿದ್ದವರು, ಹಾಗಾಗಿ ಯಾವ ವ್ಯಾಜ್ಯವೇ ಆಗಲಿ ತಮ್ಮ ಮುಂದೆ ಬಂದೇ ಬರುತ್ತದೆ ಎಂಬ ಗತ್ತು ಅವರಿಗಿತ್ತು. ದೇವರ ಮುಂದೆ ಇಬ್ಬರನ್ನೂ ನಿಲ್ಲಿಸಿ ಹೇಳಿದರು:

"ಆರು ದಿವಸಕ್ಕೆ ಆ ದೋಣೀನ ಕೇಳಿ ತಗೋ. ಹೋಗ್ಬರೋಣ. ಏನೂ ಎಡವಟ್ಟಾಗದೆ ವಾಪಸ್ ಬಂದ್ರೆ ದೋಣಿ ನಿಂದು. ಏನಾದ್ರೂ ಆಯ್ತೋ, ಮನೆ ಅವಳದ್ದು. ಆಮೇಲೆ ಇಬ್ರೂ ಆ ಮಾತು ಎತ್ತಕೂಡದು."

"ಹೋಗ್ಬರೋಣ ಅಂದ್ರೆ? ನೀನೂ ಬರ್ತೀಯಾ ಅಮ್ಮ?" ಎಂದರು ಇವರು.

"ಮತ್ತೆ ತೀರ್ಪು ಹೇಳೋರು ಯಾರು ಕಣೋ? ಒಂದೇ ಮಾತು. ನಮ್ಮ ವಂಶದಲ್ಲಿ ಯಾರೂ ಕಡಲು ದಾಟಿಲ್ಲ. ದಡ ಯಾವಾಗ್ಲೂ ನನ್ನ ಕಣ್ಣಿಗೆ ಕಾಣ್ತಿರಬೇಕು."

ಮಗಳು ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡಳು. ಇವರು ವಿದ್ಯಾರಣ್ಯಪುರಂನ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿ ತಮ್ಮದೇ ನಕ್ಷೆ ಕೊಟ್ಟು ಈ ಲಂಗರು ಮಾಡಿಸಿದರು. ದೋಣಿಯಲ್ಲಿ ಒಂದು ಲಂಗರು ಇತ್ತು, ಆದರೆ ನಾವಿಕನಿಗೆ ಸ್ವಂತದ್ದು ಬೇಕಂತೆ. ವೆಲ್ಡಿಂಗಿನವನು ಎಲ್ಲ ಮುಗಿಸಿ, ಕೈ ಒರೆಸಿಕೊಂಡು, "ಸಾರ್, ಇದು ಯಾವ ದೇವಸ್ಥಾನಕ್ಕೆ?" ಎಂದು ಭಕ್ತಿಯಿಂದ ಕೇಳಿದನಂತೆ.

ಕಾರವಾರದಲ್ಲಿ ದೋಣಿಯ ಒಡೆಯರು ನಮ್ಮ ಜೊತೆಗೆ ತಮ್ಮ ಅಂಬಿಗನನ್ನು ಕಳಿಸಿದರು. ಐವತ್ತು ದಾಟಿದ, ಹೆಚ್ಚು ಮಾತಿಲ್ಲದ ಮನುಷ್ಯ. ಮೊದಲ ದಿನ ಹಾಯಿ ಬಿಚ್ಚಿದ ಅರ್ಧ ಗಂಟೆಗೆ ನಮ್ಮ ಕಪ್ತಾನರು ಒಳಗೆ ಹೋಗಿ ಬಕೆಟ್ ತಬ್ಬಿಕೊಂಡು ಮಲಗಿದರು. ಸಂಜೆ ಒಂದು ದ್ವೀಪದ ಮರೆಯಲ್ಲಿ ದೋಣಿ ನಿಂತಾಗಲೇ ಎದ್ದು ಬಂದು, "ಇಲ್ಲೇ ಹಾಕಬೇಕು ಲಂಗರು, ನಾನು ಹೇಳ್ತಾ ಇದ್ದೆನಲ್ಲ" ಎಂದರು. ಅಂಬಿಗ ಅದನ್ನು ಆಗಲೇ ಹಾಕಿದ್ದ. "ಹೌದು ಸಾಹೇಬ್ರೆ" ಎಂದ. ಅತ್ತೆ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೋಡುಬಳೆ ತಿನ್ನುತ್ತಾ ದಡವನ್ನು ಕಾಯುತ್ತಿದ್ದರು.

ಎರಡನೆಯ ದಿನ ಬೇಲೇಕೇರಿಯ ಕೊಲ್ಲಿ, ಮೂರನೆಯ ದಿನ ಗೋಕರ್ಣದ ಹತ್ತಿರ ಎರಡು ಗುಡ್ಡಗಳ ನಡುವಿನ ಒಂದು ಮರಳಿನ ಮೂಲೆ. ಪ್ರತಿ ತಂಗುದಾಣದ ಬಗ್ಗೆಯೂ ಇವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಎಷ್ಟು ಆಳು ನೀರು, ಕೆಳಗೆ ಕೆಸರೋ ಮರಳೋ, ಗಾಳಿ ಯಾವ ಕಡೆಯದ್ದು. ಅತ್ತೆಯದ್ದು ಬೇರೆಯೇ ಪರೀಕ್ಷೆ. ದೋಣಿಯಿಂದ ದೇವಸ್ಥಾನದ ಗೋಪುರ ಕಂಡರೆ ಜಾಗ ಒಳ್ಳೆಯದು, ಕಾಣದಿದ್ದರೆ ಸುಮಾರು. ಸುಳ್ಳು ಯಾಕೆ ಹೇಳಲಿ, ನನಗೂ ಹಿಡಿಸತೊಡಗಿತ್ತು. ಹುಟ್ಟಿದಾಗಿನಿಂದ ನೆಲದ ಮೇಲೆ ನಿಂತು ಸಮುದ್ರದ ಕಡೆ ನೋಡಿದ್ದವಳು, ಸಮುದ್ರದ ಮೇಲೆ ಕೂತು ನಮ್ಮ ನಾಡನ್ನು ನೋಡಿದೆ. ತೆಂಗಿನ ಗೆರೆ, ಅದರ ಹಿಂದೆ ಗುಡ್ಡ, ಅದರ ಹಿಂದೆ ಇನ್ನೂ ನೀಲಿಯಾದ ಗುಡ್ಡ. ಮೂರನೆಯ ದಿನ ಅಂಬಿಗ ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟ. ಒಂದು ಗಂಟೆ ಹಿಡಿದಿದ್ದೆ. "ಅಮ್ಮೋರ ಕೈ ಸ್ಥಿರ ಅದೆ" ಎಂದ. ಇಷ್ಟವಾಗುತ್ತಿದೆ ಎಂದು ಗೊತ್ತಾದಂತೆಲ್ಲ ನನಗೆ ಭಯವಾಯಿತು. ಮೂರು ದಿನ ಏನೂ ಎಡವಟ್ಟಾಗದೆ ಕಳೆದಿತ್ತು, ಇನ್ನು ಮೂರೇ ದಿನ, ಆಮೇಲೆ ಆ ಕರಿಬೇವಿನ ಗಿಡ ಯಾರದೋ ಪಾಲು.

ಇಲ್ಲಿ ಉಪ್ಪಿನಕಾಯಿ ಭರಣಿಯ ವಿಷಯ ಹೇಳಬೇಕು. ಅತ್ತೆ ತಮ್ಮ ತಾಯಿಯ ಕಾಲದ ಪಿಂಗಾಣಿ ಭರಣಿಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ತುಂಬಿಕೊಂಡು ಬಂದಿದ್ದರು. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಎಂದರೆ ಕೇಳಲಿಲ್ಲ. ದೋಣಿ ಓಡುವಾಗ ಒಂದು ಕಡೆಗೆ ವಾಲುತ್ತದೆ, ಹಾಗಾಗಿ ಹೊರಡುವ ಮೊದಲು ಅಡುಗೆ ಸಾಮಾನೆಲ್ಲ ಕೆಳಗಿಳಿಸಿ ನೆಲದ ಮೇಲೆ ಒತ್ತಾಗಿ ಜೋಡಿಸಬೇಕು. ಆದರೆ ಲಂಗರು ಬಿದ್ದ ತಕ್ಷಣ ಎಲ್ಲವೂ ಮತ್ತೆ ಶೆಲ್ಫಿಗೆ ಏರಬೇಕು. ಕಾಲು ತಾಗುವ ಜಾಗದಲ್ಲಿ ತಿನ್ನುವ ಪದಾರ್ಥ ಇಡುವುದು ಅತ್ತೆಯ ಮಡಿಗೆ ಒಗ್ಗದು. ಬೆಳಿಗ್ಗೆ ಇಳಿಸುವುದು, ಸಂಜೆ ಏರಿಸುವುದು. ದಿನಕ್ಕೆರಡು ಸಲ ಭರಣಿಯನ್ನು ಕೂಸಿನಂತೆ ಎತ್ತಿ ಇಳಿಸುವುದು ನನ್ನ ಪಾಲಿಗೆ ಬಂದಿತ್ತು.

ನಾಲ್ಕನೆಯ ದಿನ ಹುಣ್ಣಿಮೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಅಘನಾಶಿನಿ ನದಿ ಸಮುದ್ರಕ್ಕೆ ಸೇರುವ ಕಡೆ ಒಳಗೆ ಬಂದು, ಆಳವಿದ್ದ ನಡುನೀರಿನಲ್ಲಿ ಅಂಬಿಗ ಲಂಗರು ಹಾಕಿದ. ಅತ್ತೆ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ತಪ್ಪಿಸುವವರಲ್ಲ. ಅಂಬಿಗನ ತಂಗಿಯ ಮನೆ ಹತ್ತಿರದ ಊರಿನಲ್ಲೇ ಇತ್ತು. ಹಬ್ಬದೂಟ ಮುಗಿಸಿ ಸಂಜೆ ಬರುತ್ತೇನೆಂದು ಆ ಕಡೆ ಹೋಗುತ್ತಿದ್ದ ಒಂದು ಪಾತಿದೋಣಿಗೆ ಇಳಿದ. ಇಳಿಯುವಾಗ ಹೇಳಿದ:

"ಇಂದು ಹುಣ್ಣಿಮಿ ಅದೆ ಸಾಹೇಬ್ರೆ. ನೀರು ನೋಡ್ಕಳಿ."

"ಗೊತ್ತಪ್ಪ, ಅಮ್ಮನ ಪೂಜೆ ಇದೆ. ಮತ್ತೆ ನೀರಿನ ವಿಷಯ ನನಗೆ ಹೇಳ್ತೀಯಾ? ಜೀವಮಾನ ಎಲ್ಲಾ ನೀರೇ ನೋಡಿದೀನಿ" ಎಂದರು ಇವರು.

ಅಂಬಿಗ ಹೋದ ಮೇಲೆ ಮೀನಿನ ದೋಣಿಗಳು ಒಂದರ ಹಿಂದೊಂದು ಹಾದುಹೋದವು. ಅವುಗಳ ಅಲೆಗೆ ನಮ್ಮ ದೋಣಿ ತೂಗಾಡಿ, ಹಚ್ಚಿದ ದೀಪ ಎರಡು ಸಲ ವಾಲಿತು. "ಪೂಜೆ ಮುಗಿಯೋವರೆಗಾದ್ರೂ ಅಲುಗಾಡದ ಜಾಗ ನೋಡೋ" ಎಂದರು ಅತ್ತೆ. ನನ್ನ ಗಂಡ ಸುತ್ತ ನೋಡಿದರು. ದಡದ ಪಕ್ಕದಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮರೆಯಲ್ಲಿ, ಕನ್ನಡಿಯಂತೆ ನಿಂತ ನೀರಿನ ಒಂದು ಮೂಲೆ ಇತ್ತು. ಎಂಜಿನ್ ಹಚ್ಚಿ, ಲಂಗರು ಎತ್ತಿ, ದೋಣಿಯನ್ನು ತಾವೇ ಅಲ್ಲಿಗೆ ತಂದರು. ಹಗ್ಗಕ್ಕೆ ಕಲ್ಲು ಕಟ್ಟಿ ಆಳ ಅಳೆದರು. ಒಂದಾಳಿಗೆ ಸ್ವಲ್ಪ ಕಡಿಮೆ, ದೋಣಿಗೆ ಬೇಕಾದ್ದರ ಎರಡರಷ್ಟು. ವಿದ್ಯಾರಣ್ಯಪುರಂನ ಲಂಗರನ್ನು ಸದ್ದಾಗದಂತೆ ಇಳಿಸಿದರು. ಯಾರ ಸಹಾಯವೂ ಇಲ್ಲದೆ, ಎಲ್ಲೂ ತಾಗಿಸದೆ, ಅಷ್ಟು ಅಚ್ಚುಕಟ್ಟಾಗಿ ಮಾಡಿ ಮುಗಿಸಿ ನನ್ನ ಕಡೆ ತಿರುಗಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಮುಖದಲ್ಲಿ ಆ ಬಗೆಯ ಸಂತೋಷವನ್ನು ನಾನು ನೋಡಿರಲಿಲ್ಲ. ನನಗೂ ಹೆಮ್ಮೆಯಾಯಿತು. ಹೆಮ್ಮೆಯ ಹಿಂದೆಯೇ, ಸೈಟು ಹೋಯಿತು ಎಂದುಕೊಂಡೆ.

ಅರ್ಧ ಗಂಟೆಯ ನಂತರ, ಅವರು ತಾಯಿಯ ಜೊತೆ ಒಳಗೆ ಪೂಜೆಗೆ ಕೂತಿದ್ದರು. ನಾನು ಹಿಂಬದಿಯಲ್ಲಿ ಕ್ಯಾನಿನ ನೀರಿನಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಒಬ್ಬ ಹೆಂಗಸು ಸಣ್ಣ ದೋಣಿಯಲ್ಲಿ ಹತ್ತಿರ ಬಂದಳು. ನನ್ನದೇ ವಯಸ್ಸು, ಪಕ್ಕದಲ್ಲಿ ಖಾಲಿ ಬುಟ್ಟಿ.

"ಇಲ್ಲಿ ಯಾಕೆ ನಿಲ್ಸೀರಿ ಅಮಾ? ಊಟದ ಹೊತ್ತು ಕಳದ್ರೆ ಇಲ್ಲಿ ನೀರ್ ಇರೂದಿಲ್ಲ. ನಾವು ಬಳಚು ಹೆಕ್ಕೂದು ಇದೇ ಜಾಗದಲ್ಲಿ" ಎಂದಳು. ಬಳಚು ಎಂದರೆ ಕೆಸರಿನಲ್ಲಿ ಸಿಗುವ ಚಿಪ್ಪು.

"ನೀರು ಎಲ್ಲಿಗೆ ಹೋಗುತ್ತೆ?"

ಅವಳು ನಕ್ಕು ಸಮುದ್ರದ ಕಡೆ ಕೈ ತೋರಿಸಿದಳು. "ಹುಣ್ಣಿಮಿ ಅಲ್ಲೇನ್ರಾ. ಇಂದು ಪೂರಾ ಇಳೀತದೆ. ರಾತ್ರಿಗೆ ತಿರಗಿ ಬತ್ತದೆ."

ಅಕ್ಕಿಯ ಪಾತ್ರೆ ಕೆಳಗಿಟ್ಟೆ. "ದೋಣಿ ಮುಳುಗುತ್ತಾ?" ಎಂದು ಕೇಳಿದೆ.

"ನೀರೇ ಇಲ್ದಿದ್ರೆ ಮುಳುಗೂದು ಎಲ್ಲಿ? ಕೆಸರಲ್ಲಿ ಕೂತ್ಕಂತದೆ, ವಾಲ್ತದೆ. ಜನಕ್ಕೆ ಏನೂ ಆಗೂದಿಲ್ಲ. ಸಾಹೇಬ್ರಿಗೆ ಹೇಳಿ, ಈಗ್ಲೇ ತೆಗೀಲಿ" ಎಂದು ಹುಟ್ಟು ಹಾಕಿಕೊಂಡು ಹೋದಳು.

ಹೇಳಲು ಎದ್ದೆ. ಒಳಗೆ ಕಥೆಯ ಮೂರನೆಯ ಅಧ್ಯಾಯ ನಡೆಯುತ್ತಿತ್ತು. ಪೂಜೆಯ ನಡುವೆ ಬಾಯಿ ಹಾಕಬಾರದು, ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಮುಗಿಯಿತು. ಅವರು ಸಜ್ಜಿಗೆಯ ಪ್ರಸಾದ ಕೈಗೆ ಹಾಕಿ, "ನೋಡಿದ್ಯಾ ಜಾಗ, ದೀಪ ಒಂದಿಷ್ಟಾದ್ರೂ ಅಲುಗಾಡಿತಾ?" ಎಂದರು. ಊಟ ಆಗಲಿ ಎಂದುಕೊಂಡೆ. ಊಟಕ್ಕೆ ಕೂತಾಗ ಅವರು ನನ್ನ ಕೈಗೆ ಮೊಸರು ದಾಟಿಸುತ್ತಾ, ದೋಣಿಗೆ ಏನು ಹೆಸರಿಡೋಣ ಎಂದು ಕೇಳಿದರು. ಅದುವರೆಗೂ ನಾನು ಹೇಳುವವಳೇ ಇದ್ದೆ. ಹೆಸರಿನ ಮಾತು ಬಂದ ಮೇಲೆ ಲಕೋಟೆಗೆ ಅರಗು ಬಿದ್ದುಬಿಟ್ಟಿತು. "ಯೋಚನೆ ಮಾಡೋಣ" ಎಂದೆ. ಹೊರಗೆ ಕಾಂಡ್ಲಾ ಬೇರುಗಳ ಮೇಲೆ ಒದ್ದೆಯ ಗೆರೆಯೊಂದು ಮೇಲೆ ಉಳಿದು, ನೀರು ಆಗಲೇ ಬೇರುಗಳ ನಡುವೆ ಇಳಿದಿತ್ತು. ನಾನೊಬ್ಬಳೇ ಅದನ್ನು ನೋಡುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಾನು ಕಣ್ಣು ಬಿಟ್ಟುಕೊಂಡೇ ಕುಡಿದೆ.

ಮೈಸೂರಿನವರಿಗೆ ಊಟದ ನಂತರ ಒಂದು ಗಳಿಗೆ ನಿದ್ದೆ ಬೇಕೇ ಬೇಕು, ಅದು ಸಮುದ್ರವಾದರೂ ಸರಿ. ತಾಯಿ ಒಂದು ಹಲಗೆಯ ಮೇಲೆ, ಮಗ ಎದುರಿನ ಹಲಗೆಯ ಮೇಲೆ ಮಲಗಿದರು. ಫೋನುಗಳು ನೀರು ತಾಗದಿರಲೆಂದು ಅಕ್ಕಿಯ ಡಬ್ಬಿಯೊಳಗೆ ಭದ್ರವಾಗಿದ್ದವು. ನಾನು ಪಾತ್ರೆ ತೊಳೆದು ಶೆಲ್ಫಿನಲ್ಲಿ ಜೋಡಿಸಿದೆ. ಎಲ್ಲ ಜೋಡಿಸಿ ಆದ ಮೇಲೆ ಭರಣಿ ಕೈಗೆ ಬಂತು. ಅತ್ತೆಯ ತಾಯಿಯ ಭರಣಿ. ಅದನ್ನು ಶೆಲ್ಫಿನಲ್ಲಿಡಲು ಕೈ ಎತ್ತಿದೆ, ಇಡಲಾಗಲಿಲ್ಲ. ಎರಡು ಟವೆಲ್ ಸುತ್ತಿ, ಕೆಳಗೆ ನೆಲದ ಮೇಲೆ, ಹಾಸಿಗೆಯ ಚೀಲಗಳ ನಡುವೆ ಒತ್ತಿ ಇಟ್ಟೆ. ಗಂಡನ ಆಸೆ ಮುರಿದರೂ ಚಿಂತೆಯಿಲ್ಲ, ಅತ್ತೆಯ ಭರಣಿ ಒಡೆಯಬಾರದು, ನನ್ನ ಸಂಸ್ಕಾರ ಅಷ್ಟು ಗಟ್ಟಿಯಾದದ್ದು. ಆಮೇಲೆ ನಾನೂ ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿಕೊಂಡೆ.

ಮೊದಲು ಕೆಳಗಿನಿಂದ ಒಂದು ಸಣ್ಣ ತಟ್ಟುವ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ದೋಣಿ, ಯಾರೋ ನಿಧಾನವಾಗಿ ಮಗ್ಗುಲು ಬದಲಿಸಿದ ಹಾಗೆ, ಎಡಕ್ಕೆ ಹೊರಳಿತು. ಶೆಲ್ಫಿನ ಪಾತ್ರೆಗಳೆಲ್ಲ ಒಮ್ಮೆಗೇ ಕೆಳಗೆ ಬಂದವು. ಸ್ಟೌ ಬಿತ್ತು, ದೀಪ ಬಿತ್ತು, ಮೊಸರಿನ ಪಾತ್ರೆ ದುರ್ಬೀನಿನ ಮೇಲೆ ಬಿತ್ತು, ಉಳಿದ ಸಜ್ಜಿಗೆ ನೋಟ್‌ಬುಕ್ಕಿನ ಮೇಲೆ. ಅತ್ತೆ ತಮ್ಮ ಹಲಗೆಯಿಂದ ಮೆಲ್ಲಗೆ ಜಾರಿ ಮಗನ ಹಲಗೆಗೆ ಬಂದು ನಿಂತರು. ಹಿಂದೆಲ್ಲೋ ಮರ ಸೀಳಿದ ಸದ್ದು ಕೇಳಿತು, ಅದು ಚುಕ್ಕಾಣಿ. ನನ್ನ ಗಂಡ ಎದ್ದು, ಗೋಡೆಯ ಮೇಲೆ ಕಾಲಿಟ್ಟು ಬಾಗಿಲಿನವರೆಗೆ ಹತ್ತಿ ಹೊರಗೆ ನೋಡಿದರು. ಕಣ್ಣಿಗೆ ಕಾಣುವಷ್ಟು ದೂರ ಕೆಸರು. ಕೆಸರಿನ ನಡುವೆ ವಿದ್ಯಾರಣ್ಯಪುರಂನ ಲಂಗರು ಪೂರ್ತಿ ಹೊರಗೆ ಕಾಣುತ್ತಾ ಮಲಗಿತ್ತು. ನಿದ್ದೆಗಣ್ಣಿನಲ್ಲಿ, ಪೂರ್ತಿ ಇಲಾಖೆಯ ದನಿಯಲ್ಲಿ, ಅವರು ಕೇಳಿದರು:

"ಗೇಟು ಯಾರ್ರೀ ತೆಗೆದದ್ದು?"

ಈ ಮಾತಿಗೇ ಇವತ್ತಿಗೂ ಜನ ನಗುವುದು. ನಾನು ಆಗ ನಗಲಿಲ್ಲ. ಆ ಪ್ರಶ್ನೆ ನನ್ನನ್ನೇ ಕೇಳಿದ ಹಾಗೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ನಮ್ಮ ತಂಗುದಾಣಕ್ಕೆ ಜನ ನಡೆದುಕೊಂಡೇ ಬಂದರು. ಹದಿನೈದು ಇಪ್ಪತ್ತು ಹೆಂಗಸರು, ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು, ನಮ್ಮ ದೋಣಿಯ ಸುತ್ತಲೂ ಕೂತು ಬಳಚು ಹೆಕ್ಕತೊಡಗಿದರು. ಬೆಳಿಗ್ಗೆಯ ಹೆಂಗಸೂ ಇದ್ದಳು. ಅವಳು ವಾಲಿದ ದೋಣಿಯನ್ನು ನೋಡಿ, ನನ್ನ ಗಂಡನನ್ನು ನೋಡಿ, ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ನನ್ನ ಮುಖ ನೋಡಿ ಮುಚ್ಚಿಕೊಂಡಳು. ತಲೆ ಬಗ್ಗಿಸಿ ಕೆಸರಿಗೆ ಕೈ ಹಾಕಿದಳು. ಆ ಒಂದು ಗಳಿಗೆಯಷ್ಟು ನಾಚಿಕೆ ನನಗೆ ಬೇರೆ ಯಾವತ್ತೂ ಆಗಿಲ್ಲ.

ಅಂಬಿಗ ಹಬ್ಬದೂಟ ಮುಗಿಸಿ ಮೊಣಕಾಲುದ್ದ ಕೆಸರಿನಲ್ಲಿ ನಡೆದು ಬಂದ. ಬೈಯಲಿಲ್ಲ. ದೋಣಿಯನ್ನು ಒಂದು ಸುತ್ತು ಹಾಕಿ, ಮುರಿದ ಚುಕ್ಕಾಣಿ ಮುಟ್ಟಿ ನೋಡಿ, "ನೀರು ನೋಡ್ಕಳಿ ಅಂದಿದ್ದೆ ಸಾಹೇಬ್ರೆ" ಎಂದ. ಇವರು "ನೋಡಿದ್ದೆ, ಇತ್ತು" ಎಂದರು. ಅತ್ತೆ ಓರೆಯಾಗಿ ಕೂತುಕೊಂಡೇ ತೀರ್ಪು ಹೇಳಿದರು:

"ಅಲುಗಾಡದ ಜಾಗ ಕೇಳ್ದೆ, ಕೊಟ್ಬುಟ್ಟ ಕಣೋ ಸತ್ಯನಾರಾಯಣ. ಮನೆ ಅವಳದ್ದು. ಆಯ್ತು, ಇನ್ನು ಆ ಮಾತಿಲ್ಲ."

ಆ ಹೆಂಗಸು ಹೇಳಿದ ಹಾಗೆ ರಾತ್ರಿ ನೀರು ವಾಪಸ್ ಬಂದು ದೋಣಿಯನ್ನು ಎತ್ತಿತು. ಮರುದಿನ ಒಂದು ಮೀನಿನ ದೋಣಿ ನಮ್ಮನ್ನು ಕಾರವಾರಕ್ಕೆ ಎಳೆದುಕೊಂಡು ಹೋಯಿತು. ದಾರಿಯುದ್ದಕ್ಕೂ ಇವರು ಮುಂದುಗಡೆ ಒಬ್ಬರೇ ಕೂತಿದ್ದರು. ಅತ್ತೆ ಟವೆಲ್ ಬಿಚ್ಚಿ, ಭರಣಿಯ ಸುತ್ತ ಕೈಯಾಡಿಸಿ, "ಒಂದು ಬಿರುಕೂ ಇಲ್ಲ, ನಮ್ಮಮ್ಮನ ಪುಣ್ಯ ಕಣಮ್ಮ" ಎಂದರು. ನಾನು ಹೌದು ಎಂದೆ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ಜಾತಿಯಲ್ಲ ನನ್ನ ಗಂಡ ಎಂದು ಆಮೇಲೆ ತಿಳಿಯಿತು. ಊರಿಗೆ ಬಂದು ತಿಂಗಳೊಳಗೆ ತಮ್ಮ ಸೋಲನ್ನು ತಾವೇ ಕಥೆ ಮಾಡಿ ಹೇಳತೊಡಗಿದರು. "ನಾನು ಮೂಲತಃ ನಾವಿಕ" ಎಂಬುದು ಹೋಗಿ "ಗೇಟು ಯಾರು ತೆಗೆದದ್ದು" ಬಂತು. ಶ್ರೀರಾಂಪುರದ ಮನೆಯನ್ನು ಅವರೇ ನಿಂತು ಕಟ್ಟಿಸಿದರು. ಅಡುಗೆಮನೆಯ ಕಿಟಕಿಯ ಅಳತೆಗೆ ನನ್ನನ್ನು ಮೂರು ಸಲ ಕರೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸಿ, ನನ್ನ ಭುಜಕ್ಕೆ ಸರಿಯಾಗಿ ಗೆರೆ ಎಳೆಸಿದರು. ಶೆಲ್ಫಿಗೆ ಕಲ್ಲು ಹಾಕಿಸಿದಾಗ ಅದರ ಅಂಚಿಗೆ ಎರಡು ಬೆರಳು ಎತ್ತರದ ಮರದ ಪಟ್ಟಿ ಹೊಡೆಸಿದರು. ಮನೆಯೇನು ವಾಲುತ್ತದೆಯೇ ಎಂದು ನಾನು ಕೇಳಿದೆ. "ಇರಲಿ" ಎಂದರು. ಇನ್ನೂ ದೋಣಿಯ ಹುಚ್ಚು ಬಿಟ್ಟಿಲ್ಲ ಎಂದುಕೊಂಡೆ.

ಮನೆಗೆ ಬಂದು ಈಗ ಎರಡು ವರ್ಷ. ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ ಬರುತ್ತದೆ. ಇವರು ಬೆಳಿಗ್ಗೆ ಎದ್ದ ಕೂಡಲೇ ಸಂಪಿನ ಮುಚ್ಚಳ ತೆಗೆದು, ಗುರುತು ಹಾಕಿದ ಕೋಲು ಇಳಿಸಿ ಆಳ ನೋಡುತ್ತಾರೆ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಸಜ್ಜಿಗೆ ಅಂಟಿದ ಅದೇ ನೋಟ್‌ಬುಕ್ಕು.

ಕಳೆದ ತಿಂಗಳು ಅವರ ಹಳೆಯ ಸಹೋದ್ಯೋಗಿಯೊಬ್ಬರು ಹೆಂಡತಿಯ ಜೊತೆ ಊಟಕ್ಕೆ ಬಂದಿದ್ದರು. ಕಥೆ ನಡೆಯಿತು. ಸ್ಟೌ ಬಿದ್ದದ್ದು, ದೀಪ ಬಿದ್ದದ್ದು, ಮೊಸರು, ದುರ್ಬೀನು, ಅತ್ತೆ ಜಾರಿ ಬಂದದ್ದು, ಎಲ್ಲ ಕ್ರಮವಾಗಿ ಬಂತು. ಅತ್ತೆಯೂ ನಗುತ್ತಾ ತಲೆಯಾಡಿಸಿದರು. ನಾನು ಉಪ್ಪಿನಕಾಯಿ ಬಡಿಸುತ್ತಿದ್ದೆ. ಬಂದಿದ್ದ ಹೆಂಗಸು ಭರಣಿಯನ್ನು ನೋಡಿ, "ಎಷ್ಟು ಹಳೇದು ಕಣ್ರೀ ಇದು. ಇದೂ ದೋಣೀಲಿತ್ತಾ? ಒಡೀಲಿಲ್ವಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, ತಟ್ಟೆಯಿಂದ ತಲೆ ಎತ್ತದೆ, "ಅದು ಕೆಳಗಿತ್ತು" ಎಂದರು. ಆಮೇಲೆ ಸಾರು ಕೇಳಿದರು.

ಇಷ್ಟು ವರ್ಷ ಆ ಕಥೆಯನ್ನು ನೂರು ಸಲ ಕೇಳಿದ್ದೇನೆ, ಬಿದ್ದ ಸಾಮಾನುಗಳ ಪಟ್ಟಿಯಲ್ಲಿ ಅವರು ಒಂದು ಚಮಚವನ್ನೂ ಬಿಟ್ಟವರಲ್ಲ, ಬೀಳದೆ ಉಳಿದ ಒಂದನ್ನು ಮಾತ್ರ ಯಾವತ್ತೂ ಹೇಳಿರಲಿಲ್ಲ ಎಂಬುದು ನನಗೆ ಸಾರು ಬಡಿಸುವಾಗ ಹೊಳೆಯಿತು.

ಅತಿಥಿಗಳು ಹೋದರು. ಅತ್ತೆ ಮಲಗಿದರು. ನನ್ನ ಗಂಡ ಅಡುಗೆಮನೆಗೆ ಬಂದು, ಭರಣಿಯನ್ನು ಎತ್ತಿ, ಪಟ್ಟಿಯ ಹಿಂದೆ ಶೆಲ್ಫಿನಲ್ಲಿ ಇಟ್ಟರು.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ಆವತ್ತೇ. ಆಗಿನ್ನೂ ನಿದ್ದೆ ಬಂದಿರ್ಲಿಲ್ಲ ಕಣೇ. ನೀನು ಟವೆಲ್ ಸುತ್ತೋದು ನೋಡ್ತಾ ಮಲಗಿದ್ದೆ. ಲಂಗರು ಹಾಕಿದ ಮೇಲೆ ನೀನು ಅದನ್ನ ಯಾವತ್ತೂ ಕೆಳಗಿಟ್ಟವಳಲ್ಲ. ಅದೂ ಅಮ್ಮನ ಹುಣ್ಣಿಮೆ ಪೂಜೆ ದಿವಸ."

"ಒಬ್ಬಳು ಬಂದು ಹೇಳಿದ್ದಳು. ಪೂಜೆ ನಡೀತಿದ್ದಾಗಲೇ. ನಾನು ನಿಮಗೆ ಹೇಳ್ಲಿಲ್ಲ." ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. "ನೀವು ಕೇಳಬಹುದಿತ್ತಲ್ಲ, ಯಾಕೆ ಕೆಳಗಿಡ್ತಿದ್ದೀಯ ಅಂತ."

ಅವರು ಕಿಟಕಿಯ ಕಡೆ ನೋಡಿದರು. ನನ್ನ ಭುಜದ ಎತ್ತರದ ಕಿಟಕಿ, ಅದರಾಚೆ ಕರಿಬೇವು.

"ಅದೇ ನೋಡು. ಕಾರಣ ಇಲ್ದೆ ನೀನೇನೂ ಮಾಡಲ್ಲ ಅಂತ ಗೊತ್ತು. ಏನೋ ಇದೆ ಅಂತ ಅನ್ನಿಸ್ತು. ಎದ್ದು ಕೇಳೋಕೆ ಸೋಮಾರಿತನ. ಮನೆ ವಿಷಯದಲ್ಲೂ ಇಷ್ಟು ವರ್ಷ ಹಂಗೇ ಮಾಡಿದ್ದೆನಲ್ಲ. ನೀನು ಭಾನುವಾರ ಬಸ್ಸು ಹತ್ತಿ ಹೋಗೋದು ನೋಡ್ತಿದ್ದೆ. ಕೇಳ್ಲಿಲ್ಲ."

ಇಷ್ಟು ಹೇಳಿ ಅವರು ಹೋಗಿ ಮಲಗಿದರು. ಊಟದ ನಂತರದ ನಿದ್ದೆಯನ್ನು ಅವರು ಯಾವ ಕಾರಣಕ್ಕೂ ಬಿಡುವವರಲ್ಲ. ನಾನು ಮಾತ್ರ ಅಡುಗೆಮನೆಯಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆ ಅವರು ಸಂಪಿನ ಮುಚ್ಚಳ ತೆಗೆದು ಕೋಲು ಇಳಿಸುತ್ತಿದ್ದಾಗ ನಾನು ಕಾಫಿ ತೆಗೆದುಕೊಂಡು ಹೊರಗೆ ಹೋಗಿ, ಲಂಗರಿನ ಮೇಲೆ ಕೂತು, "ಎಷ್ಟಿದೆ?" ಎಂದು ಕೇಳಿದೆ. ನೀರಿನ ಬಗ್ಗೆ ನಾನು ಅವರನ್ನು ಅದುವರೆಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಅವರು ಕೋಲು ಎತ್ತಿ, ಒದ್ದೆಯ ಗುರುತನ್ನು ನನಗೆ ಕಾಣುವಂತೆ ತಿರುಗಿಸಿ ಹಿಡಿದರು.

"ಒಂದಾಳಿಗೆ ಸ್ವಲ್ಪ ಕಡಿಮೆ" ಎಂದರು. "ಸಂಜೆಯೊಳಗೆ ಇಳಿಯುತ್ತೆ. ಈಗ್ಲೇ ಹೇಳಿದೀನಿ."